ಪಾಪಣ್ಣನ ಮೂಗು

ಸಹಾಯಮೇರಿ ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು ಅಪ್ಪನ ಖಾಕಿ ಕೋಟನ್ನು ಮತ್ತೊಮ್ಮೆ ಉಜ್ಜಿದಳು. ಸದ್ದು ಮಾಡುವ ಹಾಗಿರಲಿಲ್ಲ. ಅಪ್ಪನಿಗೆ ಅಂದು ವಾರದ ರಜೆ; ಉಂಡು ನಡುಮನೆಯಲ್ಲಿ ಮಲಗಿದ್ದ. ಅವ್ವ ಪಕ್ಕದ ಮನೆಗೆ ಹಪ್ಪಳ ಒತ್ತಲು ಹೋಗಿದ್ದಳು.

ಉಜ್ಜುತ್ತಿದ್ದುದು ಬಟ್ಟೆ ಸೋಪಲ್ಲ. ಈಸ್ಟರ್ ಹಬ್ಬಕ್ಕೆಂದು ಅವ್ವ ಟ್ರಂಕಿನಲ್ಲಿ ಬಚ್ಚಿಟ್ಟಿದ್ದ ಶ್ರೀಗಂಧದ ಮೈಸೋಪು. ಸಿಕ್ಕಿಬಿದ್ದರೆ ಬೆನ್ನಿಗೆ ಎರಡು ಬೀಳುವುದು ಖಂಡಿತ. ಆದರೂ ಮೇರಿ ಬಿಡಲಿಲ್ಲ.

ಇದಕ್ಕೆಲ್ಲ ಕಾರಣ ಆ ಸರೋಜ. ಬೇಸಿಗೆಯ ಒಪ್ಪೊತ್ತಿನ ಸ್ಕೂಲು; ಬೆಳಿಗ್ಗೆ ಕ್ಲಾಸಿನಲ್ಲಿ ವಸಂತಮ್ಮ ಮಿಸ್, ಮರುದಿನ ಎಲ್ಲರನ್ನೂ ಜೂಗೆ ಕರೆದುಕೊಂಡು ಹೋಗುವುದಾಗಿ ಹೇಳಿದ್ದರು. ಬೆಂಚಿನಲ್ಲಿ ಮೇರಿಯ ಪಕ್ಕ ಕೂತಿದ್ದ ಸರೋಜ ಮೂಗು ಮುಚ್ಚಿಕೊಂಡು ಮೆಲ್ಲಗೆ ಹೇಳಿದಳು:

"ನಾನು ಕರ್ಚೀಫ್ ತರ್ತೀನಪ್ಪ. ಮೇರಿ ಅವರಪ್ಪ ಅಲ್ಲೇ ಇರ್ತಾರಲ್ಲ. ಅವರ ಕೋಟು ನಾತ ಹೊಡೆಯುತ್ತೆ ಕಣ್ರೇ."

ಬೆಂಚು ಬೆಂಚೇ ನಕ್ಕಿತು. ಮೇರಿಯೂ ನಗುವ ಹಾಗೆ ಮಾಡಿದಳು. ಒಳಗೆ ಮಾತ್ರ ಅಳು ಬಂದಿತ್ತು.

ಅಪ್ಪ ಇರುದಯರಾಜ್ ಮೃಗಾಲಯದಲ್ಲಿ ಘೇಂಡಾಮೃಗ ನೋಡಿಕೊಳ್ಳುವವನು. ಅಸ್ಸಾಮಿನ ಕಾಡಿನಿಂದ ರೈಲಿನಲ್ಲಿ ಬಂದಿದ್ದ ಆ ಪರ್ವತದಂಥ ಪ್ರಾಣಿಗೆ ಅವನೇ ಪಾಪಣ್ಣ ಎಂದು ಹೆಸರಿಟ್ಟಿದ್ದ. ಅದಕ್ಕೆ ಹುಲ್ಲು ಹಾಕುವುದು, ಕೊಳದ ನೀರು ಬದಲಿಸುವುದು, ಸಗಣಿ ಬಾಚುವುದು ಎಲ್ಲ ಅವನದೇ ಕೆಲಸ. ಪಾಪಣ್ಣ ಶಿಸ್ತಿನವನು, ದಿನಾ ಒಂದೇ ಮೂಲೆಯಲ್ಲಿ ಸಗಣಿ ಹಾಕುತ್ತಾನೆ ಎಂದು ಅಪ್ಪ ಊಟದ ಹೊತ್ತಿನಲ್ಲೇ ಹೊಗಳುತ್ತಿದ್ದ.

ಕೋಟನ್ನು ಮಾತ್ರ ಅಪ್ಪ ಯಾರ ಕೈಗೂ ಕೊಡುತ್ತಿರಲಿಲ್ಲ. ತಾನೇ ಬರೀ ನೀರಿನಲ್ಲಿ ಜಾಲಿಸಿ ಒಣಗಹಾಕುತ್ತಿದ್ದ. ಸೋಪು ಉಳಿಸಲು ಹೀಗೆ ಮಾಡುತ್ತಾನೆ ಎಂದೇ ಮೇರಿ ತಿಳಿದಿದ್ದಳು.

ಬಿಸಿಲು ಚೆನ್ನಾಗಿತ್ತು. ಸಂಜೆಗೆ ಕೋಟು ಗರಿಗರಿಯಾಗಿ ಒಣಗಿತು. ಮೇರಿ ಅದನ್ನು ಮೊದಲಿನ ಹಾಗೇ ಮೊಳೆಗೆ ನೇತುಹಾಕಿದಳು.

ಮರುದಿನ ಅಪ್ಪ ಬೆಳಕು ಹರಿಯುವ ಮೊದಲೇ ಅದನ್ನು ತೊಟ್ಟು ಹೊರಟುಹೋದ. ಅವನಿಗೆ ಏನೂ ಗೊತ್ತಾಗಲಿಲ್ಲ. ಹೇಗೆ ಗೊತ್ತಾಗಬೇಕು? ಮೂರು ಹೊತ್ತೂ ನಶ್ಯ ಏರಿಸುವ ಮೂಗಿಗೆ ಗಂಧವೂ ಒಂದೇ, ಗೊಬ್ಬರವೂ ಒಂದೇ.

ಮಕ್ಕಳ ಸಾಲು ಘೇಂಡಾಮೃಗದ ಅಂಗಳ ತಲುಪಿದಾಗ ಅಪ್ಪ ದಪ್ಪ ಕಂಬಿಗಳ ಹೊರಗೆ ನಿಂತು ಕೂಗುತ್ತಿದ್ದ.

"ಬಾರೋ ಪಾಪಣ್ಣ, ಬಾ ನನ್ನಪ್ಪ."

ಅವನ ಒಂದು ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಇನ್ನೊಂದರಲ್ಲಿ ಬೇವಿನೆಣ್ಣೆಯ ಡಬ್ಬ. ಪಾಪಣ್ಣ ದೂರದ ಗೋಡೆಗೆ ಅಂಟಿಕೊಂಡು ನಿಂತಿತ್ತು. ಕರೆದಾಗ ನಾಲ್ಕು ಹೆಜ್ಜೆ ಬಂತು. ಮೂಗು ಎತ್ತಿತು. ಬುಸ್ ಎಂದು ಉಸಿರುಬಿಟ್ಟು ಗಿರಕ್ಕನೆ ತಿರುಗಿ ಮತ್ತೆ ಗೋಡೆಗೇ ಓಡಿತು.

ಮಕ್ಕಳೆಲ್ಲ ಗೊಳ್ಳೆಂದರು. ಸರೋಜ ಕರ್ಚೀಫ್ ಹೊರಗೆ ತೆಗೆದೇ ಇರಲಿಲ್ಲ.

"ಬೆಳಿಗ್ಗೆಯಿಂದ ಹಿಂಗೇ ಕಣ್ರಮ್ಮ" ಎಂದ ಅಪ್ಪ, ಮಿಸ್ ಕಡೆ ತಿರುಗಿ. "ದಿನಾ ನನ್ನ ಕೈಯಿಂದ್ಲೇ ತಿನ್ನೋನು, ಇವತ್ತು ಹುಲ್ಲೂ ಮುಟ್ಟಿಲ್ಲ. ಕಿವಿ ಹಿಂದೆ ಹುಣ್ಣಾಗ್ಬುಟ್ಟದೆ. ಎಣ್ಣೆ ಹಚ್ಚದಿದ್ರೆ ನೊಣ ಕೂತು ಹುಳ ಬಿದ್ಬುಡ್ತದೆ. ಬೇರೆಯೋರು ಹಚ್ಚಕ್ಕೆ ಹೋದ್ರೆ ಹತ್ರಕ್ಕೇ ಬರಕಿಲ್ಲ. ಏನಾಯ್ತೋ ಗೊತ್ತಾಗ್ತಿಲ್ಲ."

ಅಪ್ಪನ ಮುಖ ಇಷ್ಟು ಚಿಕ್ಕದಾದದ್ದನ್ನು ಮೇರಿ ಎಂದೂ ನೋಡಿರಲಿಲ್ಲ. ಮತ್ತೆ ಕರೆದ. ಪಾಪಣ್ಣ ಮತ್ತೆ ಮೂಗೆತ್ತಿತು, ಮತ್ತೆ ಓಡಿತು. ಮೇರಿಗೆ ಆ ಮೂಗು ಕಂಡಿತು, ಗರಿಗರಿ ಕೋಟು ಕಂಡಿತು. ಹೇಳಿದರೆ ಇಡೀ ಕ್ಲಾಸಿಗೆ ತಿಳಿಯುತ್ತದೆ. ಹೇಳದಿದ್ದರೆ ಪಾಪಣ್ಣನ ಹುಣ್ಣಿಗೆ ಹುಳ ಬೀಳುತ್ತದೆ.

"ಅಪ್ಪ" ಎಂದಳು. "ನಿನ್ನೆ ನಾನು ಕೋಟು ಒಗೆದುಬುಟ್ಟೆ. ಅವ್ವನ ಗಂಧದ ಸೋಪು ಹಾಕಿ."

ಅಪ್ಪ ತೋಳನ್ನು ಮೂಗಿಗೆ ಹಿಡಿದು ಮೂಸಿದ. ತಲೆಯಾಡಿಸಿದ. ಹತ್ತಿರದಲ್ಲಿದ್ದ ಸರೋಜಳ ಮುಂದೆ ತೋಳು ಚಾಚಿದ.

"ಒಸಿ ನೋಡಿ ಹೇಳವ್ವ. ನನ್ನ ಮೂಗು ಕೆಲಸಕ್ಕೆ ಬರಕಿಲ್ಲ."

ಸರೋಜ ಹೆದರಿ ಹೆದರಿ ಮೂಸಿದಳು. "ಮದುವೆಮನೆ ಥರ ಘಮ್ ಅಂತಿದೆ ಮಾಮ."

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ ನನ್ ಮಗಳೇ. ಅವನಿಗೆ ಕಣ್ಣು ಮಂದ ಕಣಮ್ಮ, ಮೂಗಲ್ಲೇ ನೋಡೋದು. ಯಾರೋ ಮದುವೆ ಗಂಡು ಇರುದಯರಾಜನ ದನೀಲಿ ಕೂಗ್ತಾವ್ನೆ ಅಂತ ಬೆದರಿಬುಟ್ಟವ್ನೆ."

ಅವನು ಕೋಟು ಬಿಚ್ಚಿದ. ಬೆಳಿಗ್ಗೆ ಬಾಚಿದ್ದ ಸಗಣಿಯ ಮಂಕರಿ ಅಲ್ಲೇ ಇತ್ತು. "ಒಗೆದೋಳು ನೀನೇ ತಾನೆ? ಹಿಡ್ಕೊ" ಎಂದ.

ಮೇರಿ ಒಮ್ಮೆ ಹಿಂದೆ ತಿರುಗಿ ನೋಡಿದಳು. ಕ್ಲಾಸಿಗೆ ಕ್ಲಾಸೇ ಕಣ್ಣು ಬಿಟ್ಟುಕೊಂಡು ನಿಂತಿತ್ತು. ಅವಳು ಲಂಗ ಮೇಲಕ್ಕೆ ಸಿಕ್ಕಿಸಿ, ಕೋಟನ್ನು ಹುಲ್ಲಿನ ಮೇಲೆ ಹರಡಿ, ಮಂಕರಿಗೆ ಕೈ ಹಾಕಿದಳು. "ಛೀ" ಎಂದರು ಯಾರೋ. ಅಪ್ಪ ಬೆನ್ನಿಗೆ ಹಚ್ಚಿದ, ಮಗಳು ತೋಳಿಗೆ ಹಚ್ಚಿದಳು. ಸೋಪಿನಲ್ಲಿ ಉಜ್ಜಿದ್ದಕ್ಕಿಂತ ಜೋರಾಗಿಯೇ ಉಜ್ಜಿದಳು.

ಅಪ್ಪ ಕೋಟು ತೊಟ್ಟು ಕಂಬಿಯ ಹತ್ತಿರ ಹೋದ. "ಬಾರೋ ಪಾಪಣ್ಣ."

ಪಾಪಣ್ಣ ಮೂಗೆತ್ತಿತು. ಎಲ್ಲರೂ ಉಸಿರು ಹಿಡಿದು ನೋಡಿದರು. ಅದು ಒಂದು ಹೆಜ್ಜೆ ಇಟ್ಟಿತು, ಇನ್ನೊಂದು ಇಟ್ಟಿತು, ಆಮೇಲೆ ನೆಲ ಅದುರುವ ಹಾಗೆ ಓಡಿಬಂದು ಕಂಬಿಯ ಮೇಲೆ ಗದ್ದ ಊರಿತು. ಬಾಳೆಹಣ್ಣನ್ನು ಸಿಪ್ಪೆ ಸಮೇತ ನುಂಗಿತು. ಅಪ್ಪ ಕಿವಿಯ ಹಿಂದೆ ಎಣ್ಣೆ ಹಚ್ಚುವಾಗ ಸಣ್ಣ ಕಣ್ಣುಗಳನ್ನು ಮುಚ್ಚಿಕೊಂಡಿತು. ಇಷ್ಟು ದೊಡ್ಡ ಊರಿನಲ್ಲಿ ಅದಕ್ಕೆ ಗೊತ್ತಿರುವವನು ಒಬ್ಬನೇ ಇರಬೇಕು ಎಂದು ಮೇರಿಗೆ ಅನ್ನಿಸಿತು. ಅವಳಿಗೆ ಬಹಳ ಸಂತೋಷವಾಯಿತು.

"ನಾನೂ ಮುಟ್ಲಾ ಮಾಮ?" ಎಂದು ಸರೋಜ ಕೇಳಿದಳು.

"ಮೊದ್ಲು ಕೈಗೆ ಒಸಿ ಹಚ್ಕೋಬೇಕು" ಎಂದ ಅಪ್ಪ, ಮಂಕರಿ ತೋರಿಸಿ. ಸರೋಜ ಎರಡು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಒಂದೇ ಒಂದು ಬೆರಳಿಗೆ ಹಚ್ಚಿಕೊಂಡು ಬಂದಳು.

ಸೋಪಿನ ಸಂಗತಿ ಮಧ್ಯಾಹ್ನವೇ ಅವ್ವನಿಗೆ ಗೊತ್ತಾಗಿ, ಬೀಳಬೇಕಾದ ಎರಡೂ ಬಿದ್ದವು. ಸಂಜೆ ಮೇರಿ ಬಾಗಿಲಿಗೆ ಬೆನ್ನು ಹಾಕಿ ಕೂತು ಲೆಕ್ಕ ಮಾಡುತ್ತಿದ್ದಳು.

"ಅವ್ವ, ಕಾಫಿಗಿಡು. ಅಪ್ಪ ಬಂತು."

ಅವ್ವ ಒಲೆ ಮುಂದಿನಿಂದ ಬಗ್ಗಿ ನೋಡಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. "ಎಲ್ಲೇ ಬಂತು?" ಎನ್ನುವಷ್ಟರಲ್ಲಿ ಹೊರಗೆ ಚಪ್ಪಲಿ ಬಿಡುವ ಸದ್ದಾಯಿತು.

"ತಿರುಗಿ ನೋಡ್ದೇನೇ ಎಂಗೆ ಗೊತ್ತಾಯ್ತೇ ನಿಂಗೆ?"

ದಿನಾ ಸಂಜೆ ತನಗೆ ಹೀಗೇ ಗೊತ್ತಾಗುತ್ತಿತ್ತಲ್ಲ ಎಂದು ಮೇರಿಗೆ ಈಗಷ್ಟೇ ಹೊಳೆದಿತ್ತು. ಅವಳು ಪೆನ್ಸಿಲ್ ಕೆಳಗಿಟ್ಟು, ಮೂಗನ್ನು ಸ್ವಲ್ಪ ಮೇಲಕ್ಕೆತ್ತಿ, ಇನ್ನೊಂದು ಸಲ ಉಸಿರೆಳೆದುಕೊಂಡಳು.