ಸಿಂಪಿಗಳಿಗೆ ವಿಷವಿಟ್ಟವರು ಯಾರು?

ನೀರಿಳಿದಾಗ ಅಕ್ಕ ಮೊದಲ ಬುಟ್ಟಿ ಎತ್ತಿದಳು. ಸಿಂಪಿಗಳೆಲ್ಲ ಬಾಯಿ ತೆರೆದು ಸತ್ತಿದ್ದವು. ಎರಡನೆಯದೂ ಹಾಗೆಯೇ. ಗಂಡ ಹೋದ ಮೇಲೆ ಒಬ್ಬಳೇ ಕಟ್ಟಿದ ಸಾಕಣೆ—ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು.

“ಇದು ಮೀಸೆಯವನದೇ ಕೆಲಸ!”

ಮೀಸೆ ಎಂದರೆ ಆಚೆ ದಡದ ಸಿಂಪಿ ಸಾಕಣೆಗಾರ. ದೋಣಿ ರಿಪೇರಿ ಮಾಡುವ ತಮ್ಮ ಹೌದೆಂದು ತಲೆಯಾಡಿಸಿದ.

ಮೀನುಗಾರಿಕೆ ಇಲಾಖೆಯ ಅಧಿಕಾರಿ ಬಂದರು. ಮಾತು ಕಡಿಮೆಯ ಹೆಂಗಸು. ಸತ್ತ ಸಿಂಪಿಯೊಂದನ್ನು ಮುರಿದು ನೋಡಿದರು. ಚಿಪ್ಪು ವಿಪರೀತ ದಪ್ಪ, ಒಳಗೆಲ್ಲ ಪದರ.

“ಯಾವಾಗಿಂದ ಹೀಗೆ?”

“ಈ ವರ್ಷ ಪೂರ್ತಿ, ಮೇಡಂ. ಒಳ್ಳೇ ಬೆಳೆ ಅಂದ್ಕೊಂಡಿದ್ದೆ.”

“ಹಾಗಾದ್ರೆ ಒಂದೇ ದಿನ ಯಾರೋ ಸುರಿದ ವಿಷ ಅಲ್ಲ. ದಿನಾ ಸ್ವಲ್ಪಸ್ವಲ್ಪ ಸಿಕ್ಕಿದೆ. ಮೀಸೆಯವರು ಈ ಕಡೆ ಬರ್ತಾರಾ?”

“ಬಂದ್ರೆ ಕಾಲು ಮುರೀತೀನಿ!”

“ಮತ್ತೆ ದಿನಾ ಇಲ್ಲಿರೋದು?”

“ನಾನು... ನನ್ನ ದೋಣಿ.”

ದೋಣಿ ಬುಟ್ಟಿಗಳ ಪಕ್ಕದಲ್ಲೇ ನಿಂತಿತ್ತು. ಅಧಿಕಾರಿ ಕೈಗವಸು ಹಾಕಿಕೊಂಡು ಅದರ ತಳ ಮುಟ್ಟಿ ನೋಡಿದರು. ದೋಣಿ ಕಟ್ಟಿದ್ದ ಕಂಬಕ್ಕೆ ಪಾಚಿ, ಚಿಪ್ಪು ದಟ್ಟವಾಗಿ ಅಂಟಿದ್ದವು. ದೋಣಿಯ ತಳ ಮಾತ್ರ ನುಣ್ಣಗೆ!

“ಬಣ್ಣ ಹಚ್ಚಿದ್ದು ಯಾರು?”

ತಮ್ಮ ನೆಲ ನೋಡಿದ. ಅವನ ಬೆರಳ ಸಂದಿಗಳು ಕೆಂಪಗೆ ಸುಲಿದಿದ್ದವು.

“ನೀವೆಲ್ಲ ಸತ್ತದ್ದನ್ನ ನೋಡಿದ್ರಿ,” ಎಂದರು ಅಧಿಕಾರಿ. “ಏನೂ ಅಂಟದೇ ಇರೋದನ್ನ ಯಾರೂ ನೋಡ್ಲಿಲ್ಲ. ಹಳೇ ಬಣ್ಣಗಳಲ್ಲಿ ತವರದ ಒಂದು ಸಂಯುಕ್ತ ಇರ್ತಿತ್ತು—ಟ್ರೈಬ್ಯುಟೈಲ್ ಟಿನ್. ಮೆಲ್ಲಗೆ ನೀರಿಗೆ ಸೇರ್ಕೊಂಡು ದೋಣಿಗೆ ಅಂಟೋ ಜೀವಗಳನ್ನ ಕೊಲ್ಲುತ್ತೆ. ಆದ್ರೆ ಸಿಂಪಿಯನ್ನೂ ಬಿಡಲ್ಲ. ಅದಕ್ಕೇ ನಿಷೇಧ. ಪ್ರಯೋಗಾಲಯಕ್ಕೆ ಕಳಿಸ್ತೀನಿ, ಆದ್ರೂ ಹೇಳಪ್ಪ—ನೀನೇ ತಾನೆ?”

“ಹೂಂ... ತಳ ಕೆರೆದೂ ಕೆರೆದೂ ಅಕ್ಕನ ಮಣಿಕಟ್ಟು ಊದ್ಕೊಳ್ತಿತ್ತು. ಗೋದಾಮಲ್ಲಿ ಹಳೇ ಡಬ್ಬಗಳಿದ್ವು. ಹೋದ ವಾರ ಇನ್ನೊಂದು ಸಲ ಹಚ್ಚಿದೆ. ನಿಷೇಧ ಅಂತ ಗೊತ್ತಿತ್ತು. ಇಷ್ಟಾಗುತ್ತೆ ಅಂತ ಗೊತ್ತಿರ್ಲಿಲ್ಲ.”

“ನಾನು ಇನ್ನೊಬ್ಬರನ್ನ ಬೈತಿದ್ರೆ ತಲೆ ಆಡಿಸ್ದಲ್ಲೋ!”

ತಮ್ಮನ ಕಣ್ಣು ತುಂಬಿತು. ಅಕ್ಕನಿಗೆ ಹೊಡೆಯಬೇಕೆನಿಸಿತು, ಅಪ್ಪಿಕೊಳ್ಳಬೇಕೆಂದೂ ಅನಿಸಿತು.

“ಮೊದ್ಲು ಡಾಕ್ಟರಿಗೆ ಕೈ ತೋರ್ಸು,” ಎಂದಳು.

“ಅದಕ್ಕೂ ಮುಂಚೆ ದೋಣಿ ನೀರಿನಿಂದ ಮೇಲೆ ಬರ್ಲಿ,” ಎಂದರು ಅಧಿಕಾರಿ. “ಬಣ್ಣ ನೀವು ಕೆರೀಬೇಡಿ. ನಮ್ಮವರು ಬಂದು ಒಂದು ಚೂರೂ ನೀರಿಗೆ ಬೀಳದ ಹಾಗೆ ತೆಗೀತಾರೆ.”

ಎಳೆದು ನೋಡಿದರು. ಮೂವರಿಗೂ ದೋಣಿ ಜಗ್ಗಲಿಲ್ಲ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಆಚೆ ದಡದಲ್ಲಿದ್ದ ಮೀಸೆಯವನತ್ತ ತಿರುಗಿದಳು. ಗಟ್ಟಿಯಾಗಿ ಕೂಗಿದಳು—

“ಅಣ್ಣಾ, ಸ್ವಲ್ಪ ಕೈ ಕೊಡ್ತೀರಾ?”