ಗುಂಡನ ಬಾಯಿಗೆ ಅರಶಿನ

"ಇದು ಕೀವಲ್ಲ," ಎಂದರು ಹಾವಿನ ಡಾಕ್ಟರ್ ರಕ್ಷಿತ್, ಹತ್ತಿಯ ಕಡ್ಡಿಯನ್ನು ಬೆಳಕಿಗೆ ಹಿಡಿದು. "ಅರಶಿನ. ಯಾರು ಹಚ್ಚಿದ್ದು?"

ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ಗೋಡೆಯ ಕಡೆ ನೋಡಿದರು.

"ನಾಗನಿಗೆ ಅರಶಿನ ಅಲ್ಲದೆ ಮತ್ತೆಂತ ಹಾಕುವುದು? ಮುಟ್ಟಲಿಲ್ಲ. ಪೇಂಟ್ ಬ್ರಷ್‌ನಲ್ಲಿ ಹಚ್ಚಿದ್ದು."

ನಗು ತಡೆದಾಗ ಡಾಕ್ಟರ ಕಣ್ಣಂಚು ಸುಕ್ಕಾಯಿತು. ಅದನ್ನು ನಾನು ಗಮನಿಸಿದ್ದಕ್ಕೇ ನನಗೆ ಭಯವಾಯಿತು.

ಗುಂಡ ನನ್ನ ಗಂಡ ಅನ್ವಿತ್ ಸಾಕಿದ್ದ ಬಾಲ್ ಪೈಥಾನ್, ಸಣ್ಣ ಜಾತಿಯ ಹೆಬ್ಬಾವು. ಕಳೆದ ಚಳಿಗಾಲ ನಮ್ಮ ಬಡಾವಣೆ ಬ್ಯಾಲಂಟೈನ್‌ನ ಕಾಲುದಾರಿಯಲ್ಲಿ ಓಡುತ್ತಿದ್ದ ಅನ್ವಿತ್ ಬಿದ್ದವನು ಏಳಲಿಲ್ಲ. ಅವನ ಕೈಯಲ್ಲಿ ಬೆಳೆದ ಜೀವ ಮನೆಯಲ್ಲಿ ಇದೊಂದೇ. ಈಗ ಅದು ತಿನ್ನುವುದನ್ನು ಬಿಟ್ಟಿತ್ತು. ಬಾಯಿ ಮುಚ್ಚುತ್ತಿರಲಿಲ್ಲ.

ಅರಶಿನ ತೊಳೆದಾಗ ಕೆಂಪು ಒಸಡು ಕಂಡಿತು, ಅಂಚಿನಲ್ಲಿ ರಕ್ತದ ಚುಕ್ಕೆಗಳು, ಒಳಗೆ ಪನೀರಿನ ಚೂರಿನಂಥ ಗಟ್ಟಿ ಕೀವು.

"ಹಳದಿಯ ಕೆಳಗೆ ಮುಚ್ಚಿಹೋಗಿತ್ತು. ಮೌತ್ ರಾಟ್, ಬಾಯಿ ಕೊಳೆಯೋ ರೋಗ. ಗಾಜಿನ ಟ್ಯಾಂಕ್ ತಣ್ಣಗಿದ್ರೆ ಇನ್ಫೆಕ್ಷನ್ ತಡೆಯೋ ಶಕ್ತಿ ಇದಕ್ಕಿರಲ್ಲ. ಅದನ್ನ ಬಿಸಿ ಇಡೋ ಹೀಟ್ ಮ್ಯಾಟ್ ಚೇಂಜ್ ಮಾಡಿ. ಇಂಜೆಕ್ಷನ್ ನಾನು ಕೊಡ್ತೀನಿ. ಬಾಯಿ ದಿನಾ ತೊಳೀಬೇಕು. ಒಬ್ರು ತಲೆ ಹಿಡೀಬೇಕು, ಒಬ್ರು ತೊಳೀಬೇಕು."

"ಅತ್ತೆ ಕೈ ಮುಗೀತಾರೆ. ಹಿಡಿಯಲ್ಲ."

"ಹಾಗಾದ್ರೆ ಕ್ಲಿನಿಕ್ ಮುಗಿಸಿ ನಾನೇ ಬರ್ತೀನಿ. ಮನೆಗೆ ಹೋಗೋ ದಾರಿನೇ."

"ಮನೆ ಎಲ್ಲಿ?"

"ಲೇಕ್ ನಾರ್ಮನ್ ಕಡೆ."

"ಅದು ಊರಿನ ಆ ತುದಿ, ಡಾಕ್ಟ್ರೇ."

"ಗುಂಡನಿಗೆ ಹೇಳ್ಬೇಡಿ."

ದಿನವೂ ಬಂದರು. ಒಂದೇ ದೀಪದ ಕೆಳಗೆ ನಮ್ಮಿಬ್ಬರ ತಲೆ. ಔಷಧದ ನೀರು ಗಂಟಲಿಗಿಳಿಯದಂತೆ ಗುಂಡನ ತಲೆಯನ್ನು ನಾನು ಬಗ್ಗಿಸಿ ಹಿಡಿಯುತ್ತಿದ್ದೆ. ಅವರ ಉಸಿರು ನನ್ನ ಮಣಿಕಟ್ಟಿಗೆ ತಾಗುತ್ತಿತ್ತು. ಹುಣ್ಣು ಮಾಗಲಿ ಎಂದೂ, ಬೇಗ ಮಾಗದಿರಲಿ ಎಂದೂ ಬೇಡಿದೆ.

ಒಂದು ಸಂಜೆ ಗುಂಡನ ಹಲ್ಲು ಅವರ ಹೆಬ್ಬೆರಳಿಗೆ ತಾಗಿತು. ಅವರು ನಕ್ಕು ಪ್ಲಾಸ್ಟರ್ ಸುತ್ತಿಕೊಂಡರು. ಅವರು ಹೋದ ಮೇಲೆ ಅತ್ತೆ ಮೆಲ್ಲಗೆ ಹೇಳಿದರು, "ಮುಟ್ಟಿದವರನ್ನು ನಾಗ ಬಿಡುವುದಿಲ್ಲ, ಅಕ್ಷಯಾ. ಅನ್ವಿತ್‌ನನ್ನು ಬಿಟ್ಟಿತಾ?"

ಮರುದಿನ ರಸ್ತೆಯೆಲ್ಲ ಐಸ್. ರಕ್ಷಿತ್ ಹೊತ್ತಿಗೆ ಬರಲಿಲ್ಲ. ಅವರ ಫೋನ್ ಕೊನೆಯವರೆಗೂ ರಿಂಗ್ ಆಗಿ ನಿಂತಿತು. ಅನ್ವಿತ್ ಬಿದ್ದ ದಿನ ಅವನ ಫೋನ್ ಕೂಡ ಹೀಗೇ ನಿಂತಿತ್ತು.

ಗುಂಡ ಗಾಜಿಗೆ ತಲೆಯೆತ್ತಿ, ಬಾಯಿ ತೆರೆದು ಉಸಿರಾಡುತ್ತಿತ್ತು. ಸಣ್ಣ ಸಿಳ್ಳೆಯಂಥ ಸದ್ದು. ಅತ್ತೆ ಅರಶಿನದ ಡಬ್ಬಿ ತಂದರು.

"ಬೇಡ ಅತ್ತೆ. ನೀವು ತಲೆ ಹಿಡೀರಿ. ನಾನು ತೊಳೀತೀನಿ."

ಅವರು ಡಬ್ಬಿಯನ್ನು ಕೆಳಗಿಟ್ಟರು. "ಅನ್ವಿತ್ ಹೇಗೆ ಹಿಡಿಯುತ್ತಿದ್ದ?"

ತೋರಿಸಿದೆ. ಅತ್ತೆ ಒಮ್ಮೆ ಕೈ ಮುಗಿದು, ಹಿಡಿದರು.

ತೊಳೆದು ಮುಗಿಸುವಾಗ ಬಾಗಿಲು ತಟ್ಟಿದ ಸದ್ದು. ರಕ್ಷಿತ್, ಮೊಣಕಾಲವರೆಗೆ ಕೆಸರು.

"ಕಾರು ಜಾರಿ ಹಳ್ಳಕ್ಕಿಳೀತು. ಫೋನ್ ಕಾರೊಳಗೆಲ್ಲೋ ಬಿತ್ತು, ಸಿಗ್ಲಿಲ್ಲ. ನಡ್ಕೊಂಡು ಬಂದೆ." ಅತ್ತೆಯ ಕೈಯಲ್ಲಿದ್ದ ಗುಂಡನನ್ನು ನೋಡಿದರು. "ಓ, ನೀವೇ ಮಾಡ್ಕೊಂಡ್ರಾ. ಇನ್ನು ನಾನ್ಯಾಕೆ ಬರ್ಲಿ?"

"ಫೋನ್ ಜೇಬಲ್ಲಿ ಇಟ್ಕೊಳ್ಳಿ," ಎಂದೆ. "ಇನ್ನೊಂದು ಸಲ ಹಾಗೆ ಕಾಯೋಕೆ ನನ್ನಿಂದ ಆಗಲ್ಲ."

ಅವರ ಮುಖದಿಂದ ನಗು ಇಳಿಯಿತು. ಪ್ಲಾಸ್ಟರ್ ಸುತ್ತಿದ ಕೈ ಚಾಚಿದರು. ಹಿಡಿದೆ. ಮಂಜಿನಷ್ಟು ತಣ್ಣಗಿತ್ತು.

ಅತ್ತೆ ಗುಂಡನನ್ನು ಒಳಗೆ ಬಿಟ್ಟು ಕೈ ತೊಳೆದರು. "ಗಂಜಿ ಉಂಟು. ಮೂವರಿಗೂ ಬಡಿಸುತ್ತೇನೆ."

ಗಾಜಿನ ಹಿಂದೆ ಸಿಳ್ಳೆ ನಿಂತಿರಲಿಲ್ಲ. ರಕ್ಷಿತ್ ಕಿವಿಗೊಟ್ಟರು.

"ಲಂಗ್ಸ್‌ಗೆ ಇಳಿದಿರಬಹುದು. ನಾಳೆ ಎಕ್ಸ್‌ರೇ ಮಾಡೋಣ."

"ಮಾಡೋಣ," ಎಂದೆ. ಕೈ ಬಿಡಲಿಲ್ಲ.