ಮೂಲ ಕೇಳಿದ ಜಗದಾಂಬ

ಅಂಜನಪ್ಪ ಬರೆದ ಮ್ಯಾಕ್ರೋ ನೋಡಿ ಮೊದಲು ನಕ್ಕವಳು ಜಗದಾಂಬ. ಶಿರಾದಲ್ಲಿ ಅವಳಪ್ಪ ಮಹಾಲಿಂಗಯ್ಯನವರ ಪ್ರೆಸ್ಸಿಗೆ ಕಂಪ್ಯೂಟರ್ ಬಂದು, ಅದನ್ನು ನಡೆಸಲು ಅವನು ಕೆಲಸಕ್ಕೆ ಸೇರಿದ್ದ ಎಂಬತ್ತೆಂಟರ ಮಾತು. ಪರದೆಯ ಮೇಲೆ 'ಕ್ಷ' ಸೊಟ್ಟಗೆ ಮೂಡಿತ್ತು.

"ಇದಕ್ಕೆ ಜ್ವರ ಬಂದಂಗಿದೆ," ಎಂದಳು.

ಅವನು ತಲೆಯೆತ್ತಿದ. ಅವಳು ತುಟಿ ಕಚ್ಚಿಕೊಂಡು ಕೀಲಿಮಣೆ ಒರೆಸತೊಡಗಿದಳು.

ಒಂದೊಂದು ಒತ್ತಕ್ಷರಕ್ಕೂ ಬೇಕಾದ ಆಜ್ಞೆಗಳನ್ನು ಗಂಟುಕಟ್ಟಿ ಅವನು ಒಂದೊಂದು ಹೆಸರಿಟ್ಟಿದ್ದ. ಆ ಗಂಟೇ ಮ್ಯಾಕ್ರೋ; ಹೆಸರು ಕರೆದರೆ ಅದು ಓಡಿ ಅಕ್ಷರ ಮೂಡುತ್ತಿತ್ತು. ದಿನಾ ಅವನು ಬರೆದ ಮೂಲದಿಂದಲೇ ಓದಿಸಿದರೆ ಮಷೀನು ಗಂಟೆಗಟ್ಟಲೆ ತಿಣುಕುತ್ತಿತ್ತು. ಅದಕ್ಕೇ ಎಲ್ಲವನ್ನೂ ಒಮ್ಮೆ ಕಂಪೈಲ್ ಮಾಡಿ, ಎಂದರೆ ಮಷೀನಿನ ಭಾಷೆಗೆ ಇಳಿಸಿ, ಫ್ಲಾಪಿಗೆ ಹಾಕಿದ. ಬೆಳಿಗ್ಗೆ ಲೋಡ್ ಮಾಡಿದರೆ ಕಾಫಿ ಕುಡಿಯುವುದರೊಳಗೆ ತಯಾರು. ಆದರೆ ಕಂಪೈಲ್ ಆದದ್ದನ್ನು ಓಡಿಸಬಹುದು, ತಿದ್ದಲು ಮೂಲವೇ ಬೇಕು. ಅದು ಅವನ ಹತ್ತಿರ ಮಾತ್ರ ಇತ್ತು.

ಆ ಕಾಫಿಯ ಹೊತ್ತಿನಲ್ಲೇ ಅವರಿಗೆ ಪ್ರೀತಿಯಾಯಿತು. ಕುರಿ ಕಾಯುವವರ ಮನೆ ಹುಡುಗನೆಂದು ಮಹಾಲಿಂಗಯ್ಯ ಅವನ ಲೋಟ ಬೇರೆ ಇಡಿಸಿದ್ದರು. ಅವಳು ಆ ಲೋಟಕ್ಕೇ ಸಕ್ಕರೆ ಹೆಚ್ಚು ಹಾಕಿ, ಏನೂ ಗೊತ್ತಿಲ್ಲದವಳಂತೆ ಪರದೆ ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಅವಳು, ಮೂಲ ನನಗೂ ಕೊಡಿ, ತಿದ್ದುವುದನ್ನು ಕಲಿಸಿ ಎಂದು ಕೇಳಿದಳು. ಹಿಂದಿನ ದಿನವಷ್ಟೇ ಮಹಾಲಿಂಗಯ್ಯನವರೂ ಅದನ್ನೇ ಕೇಳಿದ್ದರು. ಅಂಜನಪ್ಪನ ಮುಖ ಬಿಗಿಯಿತು.

"ನಿಮ್ಮಪ್ಪ ಕಳಿಸಿದ್ರಾ? ಮೂಲ ಕೈಗೆ ಬಂದ್ರೆ ನನ್ನ ಬುಟ್ಟುಬುಡಬಹುದು ಅಂತಾನಾ? ಇಷ್ಟು ದಿನದ ನಗುವೆಲ್ಲ ಅದಕ್ಕೇನಾ?"

ಅವಳು ಮೆಲ್ಲಗೆ ಹೇಳಿದಳು:

"ಕೊರಟಗೆರೆ ಚಿಕ್ಕಮ್ಮ ನಿಂತು ನಮ್ಮ ಮದುವೆ ಮಾಡಿಸ್ತೀನಿ ಅಂದಿದ್ರು. ನಾವಿಬ್ಬರೂ ಹೋದ್ಮೇಲೆ ಅಪ್ಪನ ಕೆಲಸ ನಿಲ್ಲಬಾರದು, ಪ್ರೆಸ್ಸಿನ ಹುಡುಗರಿಗೆ ಕಲಿಸಿಟ್ಟು ಹೋಗೋಣ ಅಂತ ಕೇಳಿದೆ."

ಮರುದಿನ ಬೆಳಿಗ್ಗೆ ಅವನು ಮೂಲ ತಂದು ಮೇಜಿನ ಮೇಲಿಟ್ಟ. ತಪ್ಪಾಯಿತೆಂದ, ಇವತ್ತೇ ಕೊರಟಗೆರೆಗೆ ಹೊರಡೋಣವೆಂದ. ಅವಳ ಕಣ್ಣುಗಳು ರಾತ್ರಿಯೆಲ್ಲ ಅತ್ತು ಊದಿಕೊಂಡಿದ್ದವು.

"ನೀವು ಕೊಡಲಿಲ್ಲ ಅಂತ ಬೇಜಾರಿಲ್ಲ. ನಾನು ಮೋಸ ಮಾಡ್ತೀನಿ ಅಂತ ನಿಮಗೆ ಅಷ್ಟು ಬೇಗ ಅನ್ನಿಸ್ತಲ್ಲ. ಅದನ್ನ ಇಟ್ಕೊಂಡು ಹೆಂಗೆ ಬಾಳಲಿ?"

ಅವನು ಮೂಲವನ್ನು ಅವಳತ್ತ ಸರಿಸಿ ಹೊರಗೆ ನಡೆದ. ಆ ವಾರವೇ ಪ್ರೆಸ್ಸು ಬಿಟ್ಟ.

ಕಾರ್ತಿಕದಲ್ಲಿ ಶಿರಾ ಬಸ್‌ಸ್ಟ್ಯಾಂಡಿನಲ್ಲಿ ಮಹಾಲಿಂಗಯ್ಯ ಸಿಕ್ಕರು. ಅವರಿಗೆ ಏನೂ ಗೊತ್ತಿರಲಿಲ್ಲ. ಮೊದಲ ಸಲ ಅವನ ಹೆಗಲ ಮೇಲೆ ಕೈಯಿಟ್ಟು, ಜಗದಾಂಬಗೆ ಮಧುಗಿರಿಯ ಸಂಬಂಧ ಕೂಡಿಬಂತು, ಮದುವೆಗೆ ಬರಲೇಬೇಕು ಎಂದರು.

"ಬರ್ತೀನಿ ಸ್ವಾಮಿ," ಎಂದು ಅಂಜನಪ್ಪ ಪಾವಗಡದ ಬಸ್ಸು ಹತ್ತಿದ.